ಈ ಕಥೆ ಹೇಳುತ್ತಿರುವವರು ಯಾರು?

ಎಲ್ಲರಿಗೂ ನಮಸ್ಕಾರ.

ಸಣ್ಣಕಥೆ ಓದಲು ಬೇಕಾದ ಪರಿಭಾಷೆಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ವಸ್ತು, ಹಂದರ, ಪಾತ್ರ, ಸಂಘರ್ಷ, ಸಂಕೇತ... ಈ ಪಟ್ಟಿ ನಿಮ್ಮ ನೋಟ್ಸ್‌ನಲ್ಲಿ ಆಗಲೇ ಇರುತ್ತದೆ. ಅದನ್ನೇ ಮತ್ತೆ ಓದಿ ಹೇಳಿದರೆ ನಿಮ್ಮ ಹೊತ್ತು ಸುಮ್ನೆ ಹಾಳು. ನಾನು ಇವತ್ತು ಒಂದೇ ಪದದ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಆ ಪದ ‘ನಿರೂಪಕ’. ಕಥೆ ಹೇಳುವ ದನಿ ಯಾರದು ಅಂತ ಗೊತ್ತಾಗದೆ ಉಳಿದ ಯಾವ ಪದವೂ ಕೈಗೆ ಸಿಗುವುದಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್’ ಅಂದರೆ ‘ನಾನು’. ಅದನ್ನು ಕನ್ನಡದಲ್ಲಿ ‘ಪ್ರಥಮ ಪುರುಷ’ ಅಂತ ಬರೆದು ಅಂಕ ಕಳೆದುಕೊಂಡವರು ಎಷ್ಟೋ ಜನ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು’ ಪ್ರಥಮ ಪುರುಷ. ‘ನಾನು’ ಅಂತ ಹೇಳುವ ಕಥೆ ಉತ್ತಮ ಪುರುಷ ನಿರೂಪಣೆಯದು. ಎಲ್ಲರ ಮನಸ್ಸಿನೊಳಗೂ ಹೋಗಿಬರಬಲ್ಲವನು ಸರ್ವಜ್ಞ ನಿರೂಪಕ.

ಮಾಸ್ತಿಯವರನ್ನು ನೋಡಿ. ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ಮೊದಮೊದಲು ಬರೆದ ಕಥೆಗಳಲ್ಲಿ ರಂಗನ ಮದುವೆಯ ಕಥೆಯೂ ಒಂದು. ಬೆಂಗಳೂರಿಗೆ ಓದಲು ಹೋದ ರಂಗ ಹೊಸಹಳ್ಳಿಗೆ ವಾಪಸ್ಸು ಬರುತ್ತಾನೆ. ಮನಸ್ಸಿಗೆ ಒಪ್ಪುವ, ಸ್ವಲ್ಪ ದೊಡ್ಡವಳಾದ ಹುಡುಗಿ ಸಿಕ್ಕರೆ ಮಾತ್ರ ಮದುವೆ ಅನ್ನುತ್ತಾನೆ. ಕಥೆ ಹೇಳುವವನು ಶ್ಯಾಮ. ಇವನು ಸುಮ್ಮನೆ ನೋಡುತ್ತಾ ಕೂತವನಲ್ಲ, ರಂಗನ ಮದುವೆ ಮಾಡಿಸಲು ಹೊರಟವನು. ರಂಗ ಬರುವ ಹೊತ್ತಿಗೆ ಸರಿಯಾಗಿ ರತ್ನ ಅನ್ನುವ ಹುಡುಗಿಯಿಂದ ಹಾಡಿಸುತ್ತಾನೆ. ಅವಳಿಗೆ ಮದುವೆ ಆಗಿದೆ ಅಂತ ರಂಗನ ಹತ್ತಿರ ಸುಳ್ಳು ಹೇಳುತ್ತಾನೆ. ಜ್ಯೋತಿಷ ನೋಡುವ ಶಾಸ್ತ್ರಿಗಳಿಗೂ ಏನು ಹೇಳಬೇಕು ಅಂತ ಮೊದಲೇ ಹೇಳಿಕೊಟ್ಟಿರುತ್ತಾನೆ.

ಇದೆಲ್ಲ ನಮಗೆ ಗೊತ್ತು, ರಂಗನಿಗೆ ಗೊತ್ತಿಲ್ಲ. ಶಾಸ್ತ್ರಿಗಳು ಲೆಕ್ಕ ಹಾಕುವಾಗ ನಾವು ಒಳಗೊಳಗೇ ನಗುತ್ತೇವೆ ಅಲ್ವಾ? ಓದುಗನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ ಈ ಅಂತರಕ್ಕೆ ‘ನಾಟಕೀಯ ವ್ಯಂಗ್ಯ’ ಅಂತ ಹೆಸರು. ಇದೇ ಕಥೆಯನ್ನು ರಂಗ ಹೇಳಿದ್ದರೆ? ಘಟನೆಗಳು ಅವೇ. ಆದರೆ ಆ ನಗು ಸಿಗುತ್ತಿರಲಿಲ್ಲ. ರತ್ನ ಹೇಳಿದ್ದರೆ? ಆ ಹುಡುಗಿಗೆ ಹನ್ನೊಂದು ವರ್ಷ. ಈ ಪ್ರಶ್ನೆ ಹಾಕಿಕೊಂಡ ಮೇಲೆ ಆ ಕಥೆಯನ್ನು ನಾನು ಮೊದಲಿನಷ್ಟು ಹಗುರವಾಗಿ ಓದಲಾರೆ.

ನಡೆದದ್ದು ಘಟನೆ. ಯಾವುದನ್ನು ಮೊದಲು ಹೇಳಿ, ಯಾವುದನ್ನು ಮುಚ್ಚಿಟ್ಟು, ಯಾವುದನ್ನು ಕೊನೆಗೆ ಬಿಚ್ಚಿದರು ಅನ್ನುವುದು ಹಂದರ. ಹಂದರದ ಬಗ್ಗೆ ಇಷ್ಟು ಸಾಕು.

ಇನ್ನು ಕನ್ನಡದ್ದೇ ಒಂದು ಸೊಗಸು. ಮೂರು ವಾಕ್ಯ ಹೇಳುತ್ತೇನೆ, ಕಿವಿಗೊಟ್ಟು ಕೇಳಿ.

ಸೊಸೆ ತವರಿಗೆ ಹೋದಳು.
ಸೊಸೆ ತವರಿಗೆ ಹೋದಳಂತೆ.
ಸೊಸೆ ತವರಿಗೆ ಹೋಗಿರಬೇಕು.

ಮೊದಲನೆಯದರಲ್ಲಿ ನಿರೂಪಕನಿಗೆ ಗೊತ್ತು. ಎರಡನೆಯದರಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದಾನೆ, ಬಹುಶಃ ಪಕ್ಕದ ಮನೆಯ ಜಗಲಿಯಲ್ಲಿ ಕೂತು. ಮೂರನೆಯದರಲ್ಲಿ ಬಾಗಿಲಿನ ಬೀಗ ನೋಡಿ ಊಹಿಸುತ್ತಿದ್ದಾನೆ. ನಿರೂಪಕ ಎಲ್ಲಿ ನಿಂತಿದ್ದಾನೆ ಅನ್ನುವುದನ್ನು ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ. ‘ಹೋಗಿಬಿಟ್ಟಳು’ ಅಂದರೋ, ಹೇಳುವವನ ಎದೆಗೂ ಏನೋ ತಾಗಿದೆ ಅಂತ ಅರ್ಥ. ಅಜ್ಜಿ ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಅನ್ನುವಾಗ ಆ ‘ಅಂತೆ’ಯಲ್ಲಿ ಎಷ್ಟು ಪ್ರಾಮಾಣಿಕತೆ ಇದೆ ನೋಡಿ. ನಾನು ಕಂಡದ್ದಲ್ಲಪ್ಪ, ನನಗೂ ಯಾರೋ ಹೇಳಿದ್ದು ಅಂತ ಮೊದಲೇ ತಿಳಿಸುತ್ತಾಳೆ.

ಧ್ವನಿ ಅನ್ನುವ ಪದವನ್ನೂ ಇಲ್ಲೇ ಸೇರಿಸಿಕೊಳ್ಳಿ. ಇಲ್ಲಿ ಧ್ವನಿ ಅಂದರೆ ನೇರವಾಗಿ ಹೇಳದೆ ಮಾತು ಸೂಚಿಸುವ ಅರ್ಥ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವ ಇದರಲ್ಲಿದೆ ಎಂದ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಉದಾಹರಣೆ ಇದೆ: ‘ಸೂರ್ಯ ಮುಳುಗಿದ’. ದನ ಕಾಯುವವನಿಗೆ ಇದು ಮನೆಗೆ ಹೊರಡುವ ಹೊತ್ತು. ಸಂಧ್ಯಾವಂದನೆ ಮಾಡುವವನಿಗೆ ಅದರ ಹೊತ್ತು. ನಲ್ಲನಿಗಾಗಿ ಕಾಯುವವಳಿಗೆ ಬೇರೆಯದೇ ಸುದ್ದಿ. ಯಾರು ಯಾರಿಗೆ ಹೇಳಿದರು ಅಂತ ಗೊತ್ತಾಗದೆ ಈ ಎರಡು ಪದಗಳ ಧ್ವನಿ ಹೊರಡುವುದೇ ಇಲ್ಲ.

ಕೊನೆಗೆ ಒಂದು ಕಮ್ಮಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಬ್ಬ ಹುಡುಗಿ ತಾನು ಬರೆದ ಕಥೆ ಓದಿದಳು. ಕಥೆಯುದ್ದಕ್ಕೂ ‘ಅಪ್ಪ ಬಂದರು’, ‘ಅಪ್ಪ ಕೂತರು’. ಸಾಲ ಕೊಟ್ಟವನು ಅಂಗಳದಲ್ಲಿ ನಿಂತು ಕೂಗಾಡುವಾಗ ಒಂದೇ ಒಂದು ಕಡೆ ‘ಅಪ್ಪ ತಲೆ ತಗ್ಗಿಸಿದ’ ಅಂತ ಬಂತು. ಓದುತ್ತಲೇ ಅವಳಿಗೆ ಅದು ತಪ್ಪು ಅನ್ನಿಸಿತು. ಪೆನ್ನು ತೆಗೆದು ‘ತಗ್ಗಿಸಿದರು’ ಅಂತ ತಿದ್ದಲು ಹೊರಟಳು. ಬೇಡ, ದಯವಿಟ್ಟು ಬಿಡಮ್ಮ ಅಂದೆ. ಎಷ್ಟೋ ಮನೆಗಳಲ್ಲಿ ‘ಅಪ್ಪ ಬಂದ’ ಅನ್ನುವುದೇ ಪ್ರೀತಿಯ ಮಾತು, ಅಲ್ಲಿ ಇದಕ್ಕೆ ವಿಶೇಷ ಅರ್ಥ ಇಲ್ಲ. ಆದರೆ ಆ ಕಥೆಯೊಳಗೆ, ಅಷ್ಟು ‘ಅವರು’ಗಳ ನಡುವೆ ಬಂದ ಆ ‘ತಗ್ಗಿಸಿದ’ದಲ್ಲಿ ಮಗಳು ಅಪ್ಪನನ್ನು ಮೊದಲ ಸಲ ತನ್ನಷ್ಟೇ ಚಿಕ್ಕವನಾಗಿ ನೋಡಿದ್ದಳು. ದೃಷ್ಟಿಕೋನ ಬದಲಾಗುವುದು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಆಗುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಕಥೆಯ ಮೊದಲ ಪುಟ ತೆಗೆಯಿರಿ. ಕ್ರಿಯಾಪದಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಹತ್ತು ನಿಮಿಷ ಸಾಕು. ಆಮೇಲೆ ಒಬ್ಬೊಬ್ಬರಾಗಿ ಹೇಳಿ, ಈ ನಿರೂಪಕ ಎಲ್ಲಿ ನಿಂತು ನೋಡುತ್ತಿದ್ದಾನೆ? ಅಂಗಳದಲ್ಲೋ, ಬಾಗಿಲ ಹಿಂದೋ?