ದೊಡ್ಡಮ್ಮನ ಜೊತೆ ಒಂದು ದಿನ: ಮೂಡುಬಿದಿರೆ, ಕಾರ್ಕಳ, ವರಂಗ

ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಾಣುತ್ತಿರುವ ಆ ಅರ್ಧ ಮುಖ ನಮ್ಮ ದೊಡ್ಡಮ್ಮನದು. ಉಳಿದರ್ಧ ಕ್ಯಾಮೆರಾಕ್ಕೆ ಸಿಗಬಾರದೆಂದು ಸೆರಗು ಎಳೆದುಕೊಂಡು ಕುಳಿತಿದ್ದಾರೆ. ಅಕ್ಟೋಬರ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ, ಮಂಗಳೂರಿನ ನಂತೂರು. ಗೈಡ್ ಜೊತೆಗಿನ ಒಂದು ದಿನದ ಬಸ್ ಪ್ರವಾಸ, ತಲೆಗೆ 1,100 ರೂಪಾಯಿ, ಮಧ್ಯಾಹ್ನದ ಊಟವೂ ಸೇರಿ. "ನಮ್ಮ ಊರನ್ನು ನಾವು ನೋಡುವುದಕ್ಕೆ ದುಡ್ಡು ಕೊಡಬೇಕೇ?" ಎಂಬ ಪ್ರಶ್ನೆ ಹಿಂದಿನ ರಾತ್ರಿಯಿಂದ ಮೂರು ಸಲ ಬಂದಿದೆ. ನಾಲ್ಕನೆಯ ಸಲ ಬರುವಷ್ಟರಲ್ಲಿ ಬಸ್ಸು ಹೊರಟಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದೊಡ್ಡಮ್ಮ ಮತ್ತು ನಮ್ಮ ಗೈಡ್ ದಿನವಿಡೀ ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ; ಬೈಗುಳದ ರುಚಿ ಸ್ವಲ್ಪ ಕಡಿಮೆಯಾದರೆ ತಪ್ಪು ನನ್ನದು. ಗೈಡ್ ನಿವೃತ್ತ ಶಾಲಾ ಶಿಕ್ಷಕರು. ಹಾಗಾಗಿ ಕುಲಶೇಖರ ದಾಟುವ ಮೊದಲೇ ಇಡೀ ಬಸ್ಸಿಗೆ ಅವರು 'ಮಾಷ್ಟ್ರು' ಆಗಿದ್ದರು.

ವಾಮಂಜೂರು ದಾಟಿ ಗುರುಪುರದ ಸೇತುವೆಯ ಮೇಲೆ ಬಂದಾಗ ಕೆಳಗೆ ಫಲ್ಗುಣಿ. ಮಳೆಗಾಲದ ಕೆಂಪು ಇನ್ನೂ ಪೂರ್ತಿ ತಿಳಿಯಾಗಿಲ್ಲ. ಆಮೇಲೆ ಕೈಕಂಬ, ಎಡಪದವು. ರಸ್ತೆ ಅಗಲ ಮಾಡುವ ಕೆಲಸದ ಧೂಳನ್ನು ನಿಮಗೆ ತೋರಿಸುವುದಿಲ್ಲ, ನೋಡಿ ನೋಡಿ ನಿಮಗೂ ಸಾಕಾಗಿರುತ್ತದೆ.

ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ಬಂದರೆ ಮೂಡುಬಿದಿರೆ. ಜೈನಕಾಶಿ ಎನ್ನುತ್ತಾರೆ, ಒಂದೇ ಊರಿನಲ್ಲಿ 18 ಬಸದಿಗಳು. ನಾವು ನಿಂತದ್ದು ಸಾವಿರ ಕಂಬದ ಬಸದಿಯಲ್ಲಿ. ತ್ರಿಭುವನ ತಿಲಕ ಚೂಡಾಮಣಿ ಎಂಬುದು ಇದರ ಇನ್ನೊಂದು ಹೆಸರು. ಕಟ್ಟಿದ ವರ್ಷ 1430. ಇಲ್ಲಿಗೆ ಬಂದವರೆಲ್ಲ ಮೊದಲು ಹೇಳುವ ಮಾತು, "ಅರೆ, ನೇಪಾಳದ ಹಾಗಿದೆ!" ನಾನೂ ಒಂದು ಹಳೆಯ ವಿಡಿಯೋದಲ್ಲಿ ಅದನ್ನೇ ಹೇಳಿದ್ದೇನೆ. ಮಾಷ್ಟ್ರು ನನ್ನನ್ನು ಒಮ್ಮೆ ನೋಡಿದರು, ಆಮೇಲೆ ಎದುರಿನ ಓಣಿಯ ಒಂದು ಹಂಚಿನ ಮನೆಯತ್ತ ಬೆರಳು ತೋರಿಸಿದರು. "ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಮಾಡು ಇಳಿಜಾರಾಗಿಯೇ ಇರಬೇಕು. ಅದಕ್ಕೆ ನೇಪಾಳದವರೆಗೆ ಯಾಕೆ ಹೋಗುತ್ತೀರಿ?" ಆ ಹಳೆಯ ವಿಡಿಯೋವನ್ನು ತೆಗೆದುಹಾಕಬೇಕೆಂದುಕೊಂಡಿದ್ದೇನೆ.

ಈಗ ಕ್ಯಾಮೆರಾ ಕೆಳಗೆ ಬರುತ್ತಿದೆ. ಇನ್ನೂ ಕೆಳಗೆ. ನನ್ನ ಮೊಣಕಾಲು ನೆಲಕ್ಕೆ ತಾಗಿದೆ. ಇದು ಭೈರಾದೇವಿ ಮಂಟಪದ ಬುಡ, ಕಟ್ಟೆಯ ಸುತ್ತ ಸಾಲಾಗಿ ಕೆತ್ತಿದ ಪಟ್ಟಿಕೆ. ಕಂಬಗಳನ್ನು ನೋಡುತ್ತಾ ತಲೆಯೆತ್ತಿ ನಡೆಯುವವರು ಇದನ್ನು ದಾಟಿ ಹೋಗುತ್ತಾರೆ. ನಾನೇ ಶಾಲೆಯ ಪ್ರವಾಸದಲ್ಲಿ ಎರಡು ಸಲ ದಾಟಿ ಹೋಗಿದ್ದೇನೆ. ಇಲ್ಲಿ ನೋಡಿ, ಅಂಗೈಯಗಲದ ಜಾಗದಲ್ಲಿ ಒಂದು ಪ್ರಾಣಿ. ಕುದುರೆಯಲ್ಲ. ಕುತ್ತಿಗೆ ಬೆನ್ನಿನಿಂದ ನೆಟ್ಟಗೆ ಮೇಲೆದ್ದಿದೆ, ತಲೆ ಚಿಕ್ಕದು. ಐದಾರು ಶತಮಾನ ಸವೆದ ಕಲ್ಲಾದರೂ ಗುರುತು ಹಿಡಿಯಲು ಕಷ್ಟವಿಲ್ಲ.

ಜಿರಾಫೆ.

ದೊಡ್ಡಮ್ಮ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು. "ಮಾಷ್ಟ್ರೇ, ಕೆತ್ತಿದವನು ಇದನ್ನು ಕಣ್ಣಾರೆ ಕಂಡಿದ್ದನೇ, ಅಥವಾ ಯಾರೋ ಹೇಳಿದ್ದನ್ನು ಕೇಳಿ ಕೆತ್ತಿದ್ದೇ?" ಇಡೀ ಬಸ್ಸಿನಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ಅದು ಗೊತ್ತಾಗುವ ದಾರಿಯಿಲ್ಲ ಎಂದು ಮಾಷ್ಟ್ರು ಒಪ್ಪಿಕೊಂಡರು, ಆಮೇಲೆ ಕಟ್ಟೆಯ ಮೇಲೆ ಕುಳಿತು ಸಮುದ್ರದ ಕಥೆ ಹೇಳಿದರು. 14ನೆಯ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಇಲ್ಲಿ ಪರ್ಷಿಯಾ, ಯೆಮನ್ ಕಡೆಯ ವರ್ತಕರಿದ್ದರು. ನಮ್ಮ ಕರಿಮೆಣಸು, ಶುಂಠಿ ಹಡಗು ಹತ್ತುತ್ತಿತ್ತು. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಒಂದು ಜೀವಂತ ಜಿರಾಫೆಯನ್ನೇ ಕಾಣಿಕೆಯಾಗಿ ಕಳುಹಿಸಿದ್ದ. ಅಂದರೆ ಆ ಕಾಲದಲ್ಲಿ ಆಫ್ರಿಕಾದ ಜಿರಾಫೆಗಳು ಹಡಗಿನಲ್ಲಿ ಇದೇ ಸಮುದ್ರವನ್ನು ದಾಟುತ್ತಿದ್ದವು. ಇದೇ ಪಟ್ಟಿಕೆಯಲ್ಲಿ ಚೀನಾದ ಡ್ರ್ಯಾಗನ್ ಕೂಡ ಇದೆ. "ಬಂದರಿನಲ್ಲಿ ಯಾರೋ ಒಬ್ಬ ಕಂಡಿರಬೇಕು, ಊರಿಗೆ ಬಂದು ಸುಳ್ಳೆಂದು ಬೈಸಿಕೊಂಡಿರಬೇಕು" ಎಂದರು ದೊಡ್ಡಮ್ಮ. ಆಧಾರವಿಲ್ಲದಿದ್ದರೂ ನನಗೆ ಈ ವಾದವೇ ಹೆಚ್ಚು ಇಷ್ಟವಾಯಿತು.

ಇಲ್ಲಿಂದ ಮುಂದಿನ ಎರಡು ನಿಮಿಷ ಪರದೆ ಕಪ್ಪಾಗಿರುತ್ತದೆ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವುದು ನನಗೆ ಸರಿಯೆನಿಸಲಿಲ್ಲ. ಕಿವಿಯಿಂದ ಕೇಳಿ: ಬರಿಗಾಲಿನ ಸದ್ದು, ದೂರದಲ್ಲೊಂದು ಗಂಟೆ. ಒಳಗೆ ಸುಮಾರು ಎಂಟು ಅಡಿ ಎತ್ತರದ ಪಂಚಲೋಹದ ಚಂದ್ರನಾಥ ಸ್ವಾಮಿ. ಹೊರಗಿನ ಬಿಸಿಲಿನಿಂದ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ದೀಪದ ಬೆಳಕಿನಲ್ಲಿ ಭುಜ, ಆಮೇಲೆ ಮುಖ. ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂಬ ಮಾತನ್ನು ಪರೀಕ್ಷಿಸಲು ದೊಡ್ಡಮ್ಮ ಒಂದೊಂದನ್ನೇ ಮುಟ್ಟುತ್ತಾ ಹೊರಟರು. ಹದಿನೇಳನೆಯದಕ್ಕೆ ಬಸ್ಸಿನ ಹಾರ್ನ್ ಕೇಳಿಸಿತು.

ಇಂಥ ಪ್ರವಾಸಗಳ ಬಗ್ಗೆ ನನ್ನ ತಕರಾರು ಇದೇ. ಇಲ್ಲಿ ನಮಗೆ ಕೊಟ್ಟದ್ದು ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಗುಂಪು ಫೋಟೋಕ್ಕೆ ಹೋಯಿತು. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ನಾನೊಬ್ಬಳೇ ಸ್ಕೂಟರಿನಲ್ಲಿ ಬಂದಿದ್ದರೆ ಎರಡು ಗಂಟೆ ಇರುತ್ತಿದ್ದೆ, ಜಿರಾಫೆ ಮಾತ್ರ ಸಿಗುತ್ತಿರಲಿಲ್ಲ. ಹೋಗುವವರಿದ್ದರೆ ಒಂದು ದಿನಕ್ಕೆ ಎಂಟು ಜಾಗ ತೋರಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಮೂರು, ಹೆಚ್ಚೆಂದರೆ ನಾಲ್ಕು.

ಚೌಟರ ಅರಮನೆಗೆ ಸಿಕ್ಕಿದ್ದು ಇನ್ನೂ ಕಡಿಮೆ ಹೊತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಈ ಮರದ ಕಂಬದಲ್ಲಿ ಕಾಣುವುದು ಆನೆ. ಕ್ಯಾಮೆರಾವನ್ನು ಹತ್ತಿರ ತಂದಾಗ ಆನೆ ಮಾಯ, ಒಬ್ಬರಿಗೊಬ್ಬರು ಹೆಣೆದುಕೊಂಡ ಒಂಬತ್ತು ಹೆಂಗಸರು. ನವನಾರೀ ಕುಂಜರ. ಐವರು ಸೇರಿ ಕುದುರೆಯಾದ ಪಂಚನಾರೀ ತುರಗವೂ ಇದೆ. ದೊಡ್ಡಮ್ಮನ ಷರಾ: "ನಮ್ಮ ಸ್ವಸಹಾಯ ಸಂಘದಲ್ಲಿ ಐದು ಜನ ಒಂದು ಕಡೆ ಸೇರುವುದೇ ಕಷ್ಟ."

ಊಟ ಆಯಿತು. ಸಾರು ಚೆನ್ನಾಗಿತ್ತು, ಅದರ ಬಗ್ಗೆ ಇನ್ನು ಹೆಚ್ಚಿಲ್ಲ.

ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ನಮ್ಮನ್ನು ಹತ್ತಿಸಿದ್ದು ಮಧ್ಯಾಹ್ನ ಎರಡು ಗಂಟೆಗೆ. ಈ ವೇಳಾಪಟ್ಟಿ ಬರೆದವರು ಬರಿಗಾಲಿನಲ್ಲಿ ಆ ಬಂಡೆಯ ಮೇಲೆ ನಿಂತವರಲ್ಲ. ವಿಡಿಯೋದಲ್ಲಿ ನಾವೆಲ್ಲ ಕುಣಿಯುತ್ತಿರುವಂತೆ ಕಾಣುವುದು ಸಂತೋಷದಿಂದಲ್ಲ. ದಯವಿಟ್ಟು ಬೆಳಗ್ಗೆ ಎಂಟಕ್ಕೆ ಮೊದಲು ಬನ್ನಿ, ಇಲ್ಲವೇ ಸಂಜೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಬಾಹುಬಲಿ, ಸುಮಾರು 42 ಅಡಿ, ಏಕಶಿಲೆ. 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಕಳೆದ ಸಲ ಆದದ್ದು 2015ರಲ್ಲಿ.

ಇದಿಷ್ಟನ್ನೂ ಮಾಷ್ಟ್ರು ಹೇಳಿ ಮುಗಿಸಿದ ಮೇಲೆ ಗೋಡೆಯ ನೆರಳಿಗೆ ಒರಗಿದ್ದ ದೊಡ್ಡಮ್ಮ ಬಾಯಿ ತೆರೆದರು. ನನಗೆ ಇದುವರೆಗೆ ಹೇಳಿರದ ಕಥೆ. 1973, ಅವರಿಗೆ ಒಂಬತ್ತು ವರ್ಷ, ಬೆಳ್ತಂಗಡಿಯ ರಸ್ತೆಬದಿಯ ಮನೆ. ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದ್ದು ಇದೇ ಕಾರ್ಕಳದಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ನೇತೃತ್ವದಲ್ಲಿ. 39 ಅಡಿಯ ಆ ಮೂರ್ತಿಯನ್ನು ಮಲಗಿಸಿ, ಗಾಡಿಯ ಮೇಲೆ ರಸ್ತೆಯುದ್ದಕ್ಕೂ ಎಳೆದುಕೊಂಡು ಹೋದರು. "ಶಾಲೆಗೆ ಯಾರೂ ಹೋಗಲಿಲ್ಲ. ಗಾಡಿಯ ಗಾಲಿ ಎಣಿಸಬೇಕೆಂದು ನಿಂತೆ, ಎಣಿಸಿ ಮುಗಿಯುವ ಮೊದಲು ಅಮ್ಮ ಕೈಮುಗಿ ಎಂದು ಗದರಿದರು, ಲೆಕ್ಕ ತಪ್ಪಿತು. ಬಾಹುಬಲಿ ಆಕಾಶ ನೋಡುತ್ತಾ ಹೋದರು." ಬಸ್ಸಿನವರೆಲ್ಲ ಈಗ ಮಾಷ್ಟ್ರನ್ನು ಬಿಟ್ಟು ದೊಡ್ಡಮ್ಮನ ಸುತ್ತ ನಿಂತಿದ್ದರು. ಸೆರಗು ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ನೋಡಿ, ಇಡೀ ಮುಖ. ಕೊನೆಗೆ ಅವರು ತಲೆಯೆತ್ತಿ ಕೇಳಿದರು, "ಅದಕ್ಕೆ ಬುಲ್ಡೋಜರ್ ಇತ್ತು. ಇವರನ್ನು ಈ ಗುಡ್ಡ ಹತ್ತಿಸಿದ್ದು ಯಾವುದು?" ಬಂಡಿಗಳ ಮೇಲೆ ಎಳೆದು ತಂದರೆಂಬ ಮಾತು ಹಿಂದಿನಿಂದಲೂ ಇದೆ ಎಂದರು ಮಾಷ್ಟ್ರು. ಹಗ್ಗ ಹಿಡಿದವರ ಕಾಲೂ ಹೀಗೆಯೇ ಸುಟ್ಟಿರಬೇಕು.

ಎದುರಿನ ಚಿಕ್ಕ ಗುಡ್ಡದ ಮೇಲೆ ಚತುರ್ಮುಖ ಬಸದಿ, 1586ರದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಿಂದ ಹೊಕ್ಕರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಎದುರು ನಿಂತಿರುತ್ತಾರೆ. ಹೊರಗಿನಿಂದ ತುಂಬ ಚೆನ್ನಾಗಿ ಚಿತ್ರೀಕರಿಸಿದೆ ಎಂದುಕೊಂಡಿದ್ದೆ. ಮನೆಗೆ ಬಂದು ನೋಡಿದರೆ ಗುಂಡಿಯನ್ನು ಉಲ್ಟಾ ಒತ್ತಿದ್ದೆ. ಬಸದಿ ಇರಬೇಕಾದಲ್ಲಿ ಹನ್ನೊಂದು ನಿಮಿಷ ನನ್ನ ಪಾದಗಳಿವೆ. ಅವುಗಳಲ್ಲಿ ನಾಲ್ಕು ಸೆಕೆಂಡು ಹಾಕಿದ್ದೇನೆ, ಸುಟ್ಟ ಕಾಲಿನ ಸಾಕ್ಷಿಗೆ.

ಹೆಬ್ರಿಯ ದಾರಿಯಲ್ಲಿ ವರಂಗ. ಕೆರೆಯ ನಡುವೆ ಬಸದಿ, ಹಿಂದೆ ಪಶ್ಚಿಮ ಘಟ್ಟದ ಸಾಲು. ಒಳಗೆ ಹೋಗಲು ದೋಣಿಯೇ ಬೇಕು. ಬ್ಯಾಟರಿಯಲ್ಲಿ ಉಳಿದಿದ್ದ ಕೊನೆಯ ಆರು ನಿಮಿಷವನ್ನು ಇಲ್ಲಿಗೇ ಇಟ್ಟುಕೊಂಡಿದ್ದೆ. ದೋಣಿಯವರು ಹುಟ್ಟು ಹಾಕಿದಾಗ ತಾವರೆ ಎಲೆಗಳು ಪಕ್ಕಕ್ಕೆ ಸರಿಯುತ್ತವೆ, ದೋಣಿ ಹೋದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ, ನಾವು ಬಂದ ದಾರಿಯೇ ಇಲ್ಲ. ಇಲ್ಲಿ ನಾನು ಮಾತು ನಿಲ್ಲಿಸುತ್ತೇನೆ.

ವಾಪಸು ಬರುವಾಗ ಕತ್ತಲೆ. ಗುರುಪುರ ಸೇತುವೆ ಬಂತೆಂದು ಗೊತ್ತಾದದ್ದು ಬಸ್ಸಿನ ಸದ್ದು ಬದಲಾದಾಗ. ದೊಡ್ಡಮ್ಮ ನಿದ್ದೆ ಮಾಡಿದ್ದಾರೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು, "ಆ ಉದ್ದ ಕುತ್ತಿಗೆಯದ್ದರ ಫೋಟೋ ನನ್ನ ಮೊಬೈಲಿಗೆ ಹಾಕು. ಸಂಘದಲ್ಲಿ ತೋರಿಸಬೇಕು. ಯಾರೂ ನಂಬುವುದಿಲ್ಲ."