ಎದೆಯೊಳಗೆ ಸೇರಿದ ಕರುಳು

ಕೇಳುಗರಿಗೆ ನಮಸ್ಕಾರ. ಕೂಸಿಗೆ ಹರ್ನಿಯಾ ಅಂದ ಕೂಡಲೇ ನಮ್ಮ ಹಾಸನದ ಕಡೆ ನೆನಪಾಗುವುದು ತೊಡೆಸಂದಿಯ ಊತ, ಇಲ್ಲವೇ ಅತ್ತಾಗ ಉಬ್ಬುವ ಹೊಕ್ಕುಳು. ಹೊಕ್ಕುಳಿನದು ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ಅದರ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟಬೇಡಿ. ತೊಡೆಸಂದಿಯದಕ್ಕೆ ಆಪರೇಷನ್ ಬೇಕು, ಮುಂದೂಡಬೇಡಿ. ಇವತ್ತು ನಾನು ಹೇಳುವುದು ಹೊರಗೆ ಕಾಣದ, ಅಪರೂಪದ ಹರ್ನಿಯಾ ಬಗ್ಗೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ತೆಳು ಮಾಂಸದ ಪದರ ಇದೆ. ಬಸಿರಿನ ಮೊದಲ ಮೂರು ತಿಂಗಳೊಳಗೇ ಅದು ಮುಚ್ಚಿಕೊಳ್ಳಬೇಕು. ಸುಮಾರು 2,500ರಿಂದ 3,000 ಮಕ್ಕಳಲ್ಲಿ ಒಂದಕ್ಕೆ ಅಲ್ಲೊಂದು ತೂತು ಉಳಿಯುತ್ತದೆ, ಹೆಚ್ಚಾಗಿ ಎಡಗಡೆ. ಕರುಳು, ಜಠರ ಅದರಿಂದ ಎದೆಗೆ ಏರುತ್ತವೆ. ಶ್ವಾಸಕೋಶ ಬೆಳೆಯಲು ಜಾಗವೇ ಇರುವುದಿಲ್ಲ. ಗ್ರಹಣದ ದಿನ ಹೊರಗೆ ಬಂದಳು, ಅದಕ್ಕೇ ಹೀಗಾಯ್ತು ಅಂತ ಸೊಸೆಯನ್ನು ದೂರುವುದು ಕೇಳಿದರೆ ನನಗೆ ಬಹಳ ಸಂಕಟ. ತಾಯಿಯದು ಏನೂ ತಪ್ಪಿಲ್ಲ.

ಹುಟ್ಟಿದ ಕೂಡಲೇ ಮಗು ಏದುಸಿರು ಬಿಡುತ್ತದೆ, ನೀಲಿಯಾಗುತ್ತದೆ. ಹೊಟ್ಟೆ ನೋಡಿ: ತುಂಬಿಕೊಂಡಿರಬೇಕಾದದ್ದು ಒಳಗೆ ಕುಸಿದಿರುತ್ತದೆ. ಎದೆಬಡಿತ ಬಲಕ್ಕೆ ಸರಿದು ಕೇಳಿಸುತ್ತದೆ. ಎಕ್ಸ್‌ರೇ ತೆಗೆದರೆ ಎಡ ಎದೆಯಲ್ಲಿ ಗಾಳಿ ತುಂಬಿದ ಕರುಳಿನ ಸುರುಳಿಗಳು. ಹೆರಿಗೆ ಮಾಡಿಸುವ ಸಿಸ್ಟರ್‌ಗಳಿಗೆ ಒಂದು ಮಾತು. ಇಂಥ ಮಗುವಿಗೆ ಮುಖದ ಮೇಲೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದರೆ ಗಾಳಿ ಜಠರಕ್ಕೂ ಹೋಗಿ ಶ್ವಾಸಕೋಶ ಇನ್ನಷ್ಟು ಒತ್ತಿಹೋಗುತ್ತದೆ. ಉಸಿರುನಾಳಕ್ಕೇ ಟ್ಯೂಬ್ ಹಾಕಬೇಕು, ಜಠರಕ್ಕೆ ಇನ್ನೊಂದು ಟ್ಯೂಬ್ ಹಾಕಿ ಗಾಳಿ ತೆಗೆಯಬೇಕು.

"ಆಪರೇಷನ್ ಯಾವಾಗ ಡಾಕ್ಟ್ರೇ?" ಅಂತ ಮನೆಯವರು ಬಾಗಿಲಲ್ಲೇ ಕಾಯುತ್ತಾರೆ. ಹಿಂದೆ ಹುಟ್ಟಿದ ತಕ್ಷಣ ಕುಯ್ಯುತ್ತಿದ್ದರು. ಆದರೆ ಪ್ರಾಣಕ್ಕೆ ಅಪಾಯ ಬರುವುದು ತೂತಿಗಿಂತ ಜಾಸ್ತಿ ಆ ಪುಟ್ಟ ಶ್ವಾಸಕೋಶದಿಂದ, ಅದರ ರಕ್ತನಾಳಗಳಲ್ಲಿ ಏರುವ ಒತ್ತಡದಿಂದ. ಅದು ಹತೋಟಿಗೆ ಬರುವವರೆಗೆ ವೆಂಟಿಲೇಟರ್‌ನಲ್ಲಿ ಇಡುತ್ತೇವೆ, ಕೆಲವೊಮ್ಮೆ ದಿನಗಟ್ಟಲೆ. ಸುಮ್ನೆ ಕಾಯಿಸುತ್ತಿಲ್ಲ, ದಯವಿಟ್ಟು ನಂಬಿ. ಆಮೇಲೆ ಪಕ್ಕೆಲುಬಿನ ಕೆಳಗೆ ಕುಯ್ದು, ಕರುಳನ್ನು ಮೆಲ್ಲಗೆ ಕೆಳಗಿಳಿಸಿ, ತೂತಿಗೆ ಹೊಲಿಗೆ ಹಾಕುತ್ತೇವೆ. ತೂತು ದೊಡ್ಡದಿದ್ದರೆ ತೇಪೆ ಬೇಕು.

ಇದನ್ನು ಹೊಟ್ಟೆಯಲ್ಲಿದ್ದಾಗಲೇ ಪತ್ತೆ ಮಾಡಬಹುದು, ಅಲ್ವಾ? ಹೌದು, ಎಷ್ಟೋ ಸಲ 18ರಿಂದ 20 ವಾರದ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಸಕಲೇಶಪುರದ ತೋಟಗಳಲ್ಲಿ "ಕಾಫಿ ಕೊಯ್ಲು ಮುಗೀಲಿ" ಅಂತ ಅದನ್ನು ಮುಂದೆ ಹಾಕುತ್ತಾರೆ. ಅಮ್ಮಂದಿರೇ, ಹಾಗೆ ಮಾಡಬೇಡಿ. ಮೊದಲೇ ಗೊತ್ತಾದರೆ ಮಕ್ಕಳ ಸರ್ಜನ್, ವೆಂಟಿಲೇಟರ್ ಎರಡೂ ಇರುವ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬಹುದು. ಉಸಿರು ಕಟ್ಟುತ್ತಿರುವ ಹಸುಗೂಸನ್ನು ಹೊತ್ತು ಗಂಟೆಗಟ್ಟಲೆ ಓಡುವುದು ತಪ್ಪುತ್ತದೆ.

ಕೆಲವು ಮಕ್ಕಳಲ್ಲಿ ಇದು ತಿಂಗಳುಗಳ ನಂತರ ಹೊರಬೀಳುತ್ತದೆ. ಮತ್ತೆ ಮತ್ತೆ ಕಫ, ವಾಂತಿ ಆಗುತ್ತಿದ್ದರೆ ಎದೆಯ ಎಕ್ಸ್‌ರೇ ಬೇಕೇ ಅಂತ ಡಾಕ್ಟರನ್ನು ಕೇಳಿ.

ಆಪರೇಷನ್ ಆದ ಮಕ್ಕಳಿಗೆ ಹಾಲು ಮೇಲೆ ಬರಬಹುದು, ತೂಕ ನಿಧಾನವಾಗಿ ಏರಬಹುದು. ಕಿವಿ ಕೇಳಿಸುತ್ತದೆಯೇ ಅಂತಲೂ ನೋಡಬೇಕು. ಮಗು ಬೆಳೆದಂತೆ ತೇಪೆ ಬಿಟ್ಟುಕೊಳ್ಳುವುದೂ ಉಂಟು. ಗಾಯ ಮಾಗಿತು ಅಂತ ತಪಾಸಣೆಗೆ ಬರುವುದನ್ನು ನಿಲ್ಲಿಸಬೇಡಿ. ನಮಸ್ಕಾರ.