ನೀರಿಗೆ ಜ್ವರ ಬಂದಾಗ

ಎಲ್ಲರಿಗೂ ನಮಸ್ಕಾರ. ವಾಚನಾಲಯದವರು ನನ್ನನ್ನ ಕರೆದಿದ್ದು ಮಳೆನೀರು ಕೊಯ್ಲಿನ ಬಗ್ಗೆ ಮಾತಾಡೋಕೆ. ಆಹ್ವಾನ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆ. ವಿಷಯ ಬದಲಾಯಿಸಿದ್ದಕ್ಕೆ ಕಾರಣ ಹಿಂದಿನ ಕೋಣೆಯಲ್ಲಿ, ಒಂದು ನೀಲಿ ಬಕೆಟ್ಟಿನಲ್ಲಿದೆ.

ಗುರುವಾರ ಸಂಜೆ ನಮ್ಮ ಬೀದಿಯ ಹುಡುಗಿ, ಐದನೇ ಕ್ಲಾಸು, ಗಾಜಿನ ಬಟ್ಟಲೊಂದನ್ನ ಎದೆಗೆ ಅವುಚಿಕೊಂಡು ಬಂದಳು. ಯಾರದೋ ಹುಟ್ಟುಹಬ್ಬದಲ್ಲಿ ರಿಟರ್ನ್ ಗಿಫ್ಟ್ ಅಂತ ಕೊಟ್ಟ ಗೋಲ್ಡ್ ಫಿಶ್. ಮನೆಗೆ ಬಂದು ಒಂಬತ್ತು ದಿನ. ರೆಕ್ಕೆ ಮುದುಡಿಕೊಂಡು ತಳದಲ್ಲಿ ಕೂತಿದೆ, ನಡುನಡುವೆ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ. "ತಾತಾ, ಯಾವ ಔಷಧಿ ಹಾಕಲಿ?" ಅಂದಳು. ಹಿಂದೆಯೇ ಬಂದ ಅವರಜ್ಜಿ ಮೆಲ್ಲಗೆ, "ಹೋದ್ರೆ ಹೋಗ್ಲಿ ಬಿಡಿ ಮೇಷ್ಟ್ರೇ, ಮನೆಗೆ ಬರಬೇಕಿದ್ದ ಕಂಟಕ ಅದು ತಗೊಂಡು ಹೋಯ್ತು ಅಂದ್ಕೋತೀವಿ" ಅಂದರು.

ಈ ಮಾತನ್ನ ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೀನಿ! ಅಂಗಡಿಯವರೂ ಹೇಳ್ತಾರೆ. ಹೇಳದೆ ಏನು, ಒಂದು ಕಂಟಕ ಹೋದರೆ ಇನ್ನೊಂದು ಮೀನು ಮಾರಾಟ. ಆದರೆ ಪಾಪ, ಆ ಶನಿಮಹಾತ್ಮನಿಗೆ ನಾಲ್ಕು ಲೀಟರ್ ನೀರಿನಲ್ಲಿ ಏನು ಕೆಲಸ? ಜ್ವರ ಬಂದಿರೋದು ನೀರಿಗೆ. ಇವತ್ತು ಇದೊಂದನ್ನೇ ಹತ್ತು ಸಲ ಹೇಳ್ತೀನಿ, ಸಹಿಸಿಕೊಳ್ಳಿ.

ಮೀನು ಕಿವಿರಿನಿಂದ ಅಮೋನಿಯಾ ಬಿಡ್ತಾ ಇರುತ್ತೆ. ಕೆರೆಯಲ್ಲಾದರೆ ಅದು ಎಲ್ಲೋ ಕರಗಿಹೋಯ್ತು. ಬಟ್ಟಲಿನಲ್ಲಿ ಮೀನು ತನ್ನ ಕಕ್ಕಸಿನಲ್ಲೇ ಉಸಿರಾಡಬೇಕು. ಫಿಲ್ಟರ್ ಇದ್ದರೆ ಅದರ ಸ್ಪಂಜಿನಲ್ಲಿ ಎರಡು ಜಾತಿಯ ಬ್ಯಾಕ್ಟೀರಿಯಾ ಸಂಸಾರ ಹೂಡ್ತವೆ. ಒಂದು ಅಮೋನಿಯಾವನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಅದನ್ನ ನೈಟ್ರೇಟ್ ಮಾಡುತ್ತೆ, ಇದರಿಂದ ಅಷ್ಟು ತೊಂದರೆ ಇಲ್ಲ. ಈ ಸಂಸಾರ ನೆಲೆಗೊಳ್ಳೋಕೆ 4ರಿಂದ 6 ವಾರ ಬೇಕು. ನಾವು ಟ್ಯಾಂಕೂ ಮೀನೂ ಒಂದೇ ದಿನ ತರ್ತೀವಿ. ಒಂಬತ್ತನೇ ದಿನ ಮೀನು ತಳ ಹಿಡಿಯೋದರಲ್ಲಿ ಆಶ್ಚರ್ಯ ಏನಿದೆ? ಇನ್ನೊಂದು ವಿಷಯ, ನಮ್ಮ ಬಡಾವಣೆಗೆ ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್. ಎರಡರ ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ, ಒಂದೇ ಇರಬೇಕು ಅಂತಿಲ್ಲ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದಲ್ಲಿ ನೂರಕ್ಕೆ 1 ಪಾಲೂ ವಿಷದ ರೂಪದಲ್ಲಿರಲ್ಲ. 8 ಆಯ್ತೋ, 5 ಪಾಲು ದಾಟುತ್ತೆ. ನೋಡೋಕೆ ಅದೇ ತಿಳಿನೀರು.

ಇಲ್ಲಿ ನಮ್ಮ ಎದುರುಮನೆ ರಾಯರ ಕಥೆ ಹೇಳಲೇಬೇಕು. ರಾಯರು ಇವತ್ತು ಬಂದಿಲ್ಲ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರ ಟ್ಯಾಂಕಿನಲ್ಲಿ ಮೂರು ವರ್ಷದ ಜೋಡಿ. ಒಂದು ದಿನ ಗಂಡಿನ ಕಿವಿರಿನ ಮುಚ್ಚಳದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ನನ್ನನ್ನ ಕರೆದರು. ನಾನು ಟಾರ್ಚ್ ಬಿಟ್ಟು ನೋಡಿ, ಮೂವತ್ತು ವರ್ಷ ಪಾಠ ಮಾಡಿದ ಗತ್ತಿನಲ್ಲಿ, "ವೈಟ್ ಸ್ಪಾಟ್, ಮೆಥಿಲೀನ್ ಬ್ಲೂ ತನ್ನಿ" ಅಂದೆ. ಬಾಟಲಿಯ ಮೇಲೆ ಲೀಟರಿಗೆ ಇಷ್ಟು ಹನಿ ಅಂತ ಬರೆದಿತ್ತು. ರಾಯರು ಬಡ್ಡಿ ಸೇರಿಸಿ ಹಾಕಿದರು. ಟ್ಯಾಂಕು ಇಂಕಿನ ದವಾತಿ ಆಯ್ತು. ಅವರ ಪಂಚೆ, ಸಿಂಕು, ನೆಲ ಎಲ್ಲ ನೀಲಿ. ಟ್ಯಾಂಕಿನ ಮೂಲೆಯ ಸಿಲಿಕೋನ್ ಇವತ್ತಿಗೂ ನೀಲಿಯೇ. ವಾರ ಕಳೆದರೂ ಚುಕ್ಕೆ ಒಂದೂ ಅಲುಗಲಿಲ್ಲ. ಕೊನೆಗೆ ಮೀನುಗಾರಿಕೆ ಓದಿದ ನನ್ನ ಹಳೇ ಶಿಷ್ಯನೊಬ್ಬ ಬಂದು ನೋಡಿ ನಕ್ಕುಬಿಟ್ಟ. "ಸಾರ್, ಇದು ರೋಗ ಅಲ್ಲ. ಮದುವೆ ಗಂಡು!"

ಮರಿ ಮಾಡೋ ಕಾಲದಲ್ಲಿ ಗಂಡು ಗೋಲ್ಡ್ ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಹೀಗೆ ಬಿಳಿ ಗುಳ್ಳೆ ಬರುತ್ತೆ. ರೋಗವಾದರೆ ಮೈ, ಬಾಲ ಎಲ್ಲ ಕಡೆ ಉಪ್ಪು ಚಿಮುಕಿಸಿದ ಹಾಗೆ ಇರುತ್ತೆ. ಸರಿ, ಕಥೆ ಮುಗೀಲಿಲ್ಲ. ನೀಲಿ ಔಷಧಿ ಸ್ಪಂಜಿನ ಬ್ಯಾಕ್ಟೀರಿಯಾವನ್ನ ಕೊಂದಿತ್ತು. ಅಮೋನಿಯಾ ಏರಿತು, ಮದುವೆ ಗಂಡು ಈಗ ನಿಜವಾಗಿ ತಳ ಹಿಡೀತು. ಗಟ್ಟಿಮುಟ್ಟಾಗಿದ್ದ ಮೀನನ್ನ ನಾವಿಬ್ಬರು ಮುದುಕರು ಚಿಕಿತ್ಸೆ ಕೊಟ್ಟು ರೋಗಿ ಮಾಡಿದ್ವಿ. ಎರಡು ವಾರ ದಿನಾ ಬೆಳಗ್ಗೆ ಕಾಲುಭಾಗ ನೀರು ಬದಲು, ಊಟ ಬಂದ್. ರಾಯರು ಲೆಡ್ಜರಿನಲ್ಲಿ ಬರೆದಿಟ್ಟರು. ಉಳೀತು. ಆಮೇಲೆ ಮೊಟ್ಟೆಯೂ ಆಯ್ತು. ಆದ ಮೊಟ್ಟೆಯನ್ನ ಗಂಡಹೆಂಡತಿ ಸೇರಿ ತಿಂದವು, ಗೋಲ್ಡ್ ಫಿಶ್ ಪದ್ಧತಿಯೇ ಹಾಗೆ. ರಾಯರಿಗೆ ಮಾತ್ರ ಅಸಲೇ ಮುಳುಗಿದ ದುಃಖ.

ಅದಕ್ಕೇ ಹೇಳೋದು, ಜ್ವರ ನೀರಿಗೆ. ಮೀನು ಮಂಕಾಗಿದೆಯಾ, ಮೊದಲು ಕಾಲುಭಾಗ ನೀರು ತೆಗೆದು ಹೊಸದು ಹಾಕಿ. ಪೂರ್ತಿ ಬದಲಾಯಿಸಬೇಡಿ. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನ ಸುಡುತ್ತೆ, ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಹಾಕಿ. ಇಲ್ಲವೇ ಸೋಡಿಯಂ ಥಯೋಸಲ್ಫೇಟ್ ಹನಿ ಸಿಗುತ್ತೆ. ಫೋಟೋ ಸ್ಟುಡಿಯೋ ಇಟ್ಟಿದ್ದವರು ಯಾರಾದರೂ ಇದ್ದೀರಾ? ನಿಮ್ಮ ಹೈಪೋನೇ ಅದು. ಸ್ಪಂಜನ್ನ ನಲ್ಲಿ ಕೆಳಗೆ ತೊಳೀಬೇಡಿ, ತೆಗೆದ ಹಳೇ ನೀರಿನಲ್ಲೇ ಹಿಂಡಿ. ಗಾಳಿ ಪಂಪು ಹಗಲೂ ರಾತ್ರಿ ಓಡಲಿ.

ಆಮೇಲೆ ಕಲ್ಲುಪ್ಪು. ಇದಕ್ಕೆ ಸ್ವಲ್ಪ ಕೌಟಿಲ್ಯ ಬೇಕು. ನೀರಿನಲ್ಲಿರೋ ಮೀನು ಯಾವಾಗ ನೀರು ಕುಡೀತು ಅಂತ ಹೇಗೆ ತಿಳಿಯಲ್ಲವೋ, ಹಾಗೇ ಅಧಿಕಾರಿ ಯಾವಾಗ ಹಣ ನುಂಗಿದ ಅಂತ ತಿಳಿಯಲ್ಲ ಅಂತ ಅರ್ಥಶಾಸ್ತ್ರದಲ್ಲಿದೆ. ಅಧಿಕಾರಿಗಳ ವಿಷಯ ನಿಮಗೇ ಬಿಟ್ಟೆ. ಮೀನಿನ ವಿಷಯಕ್ಕೆ ಬಂದರೆ, ಸಿಹಿನೀರಿನ ಮೀನು ನೀರು ಕುಡಿಯೋದೇ ಇಲ್ಲ ಅನ್ನಬಹುದು. ಅದರ ರಕ್ತ ಸುತ್ತಲಿನ ನೀರಿಗಿಂತ ಉಪ್ಪು, ಹಾಗಾಗಿ ಕಿವಿರಿನಿಂದ ನೀರು ತಾನಾಗಿ ಒಳಗೆ ನುಗ್ಗುತ್ತೆ. ಸೋರೋ ದೋಣಿಯಿಂದ ಮೊಗೆದು ಹಾಕೋ ಹಾಗೆ ಮೂತ್ರಪಿಂಡ ಅದನ್ನ ಹೊರಗೆ ಹಾಕ್ತಾನೇ ಇರಬೇಕು. 5 ಲೀಟರಿಗೆ ಒಂದು ಟೀ ಚಮಚ ಉಪ್ಪನ್ನ ಮಗ್ಗಿನಲ್ಲಿ ಕರಗಿಸಿ ಹಾಕಿದರೆ ಆ ದುಡಿಮೆ ಹಗುರ. ಜೊತೆಗೆ ಉಪ್ಪಿನ ಕ್ಲೋರೈಡು ನೈಟ್ರೈಟನ್ನ ಕಿವಿರಿನ ಬಾಗಿಲಲ್ಲೇ ತಡೆಯುತ್ತೆ. ಮೂತ್ರಪಿಂಡ ಕೈಚೆಲ್ಲಿದರೆ ಹೊಟ್ಟೆ ಊದಿ ಹುರುಪೆ ಹಲಸಿನ ಮುಳ್ಳಿನ ಹಾಗೆ ನಿಗುರುತ್ತೆ. ಆ ಹಂತದಲ್ಲಿ ಉಳಿಯೋದು ಕಷ್ಟ. ಸುಳ್ಳು ಆಸೆ ಹುಟ್ಟಿಸಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ. ಬೇಗ ಹೇಳ್ತೀನಿ. ನಿಜವಾದ ವೈಟ್ ಸ್ಪಾಟ್ ಆದರೆ, ಚರ್ಮದೊಳಗಿರೋ ಏಕಕೋಶದ ಪರಾವಲಂಬಿ ಜೀವಿಗೆ ಔಷಧಿ ತಾಗಲ್ಲ, ನೀರಿಗಿಳಿದ ಅದರ ಮರಿಗಳಿಗೆ ಮಾತ್ರ. ಅದಕ್ಕೆ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಿ. ಗುಂಡು ಹೊಟ್ಟೆಯ ಜಾತಿ ತಲೆಕೆಳಗಾಗಿ ತೇಲಿದರೆ ಸಾಮಾನ್ಯವಾಗಿ ಮಲಬದ್ಧತೆ. ಎರಡು ಮೂರು ದಿನ ಏಕಾದಶಿ ಮಾಡಿಸಿ, ಆಮೇಲೆ ಬೇಯಿಸಿದ ಬಟಾಣಿ, ಸಿಪ್ಪೆ ಸುಲಿದು. ಯಾರೋ ಕೇಳ್ತಿದ್ದಾರೆ, ಇಪ್ಪತ್ತು ರೂಪಾಯಿ ಮೀನಿಗೆ ಇಷ್ಟೆಲ್ಲ ಯಾಕೆ ಅಂತ. ಸ್ವಾಮಿ, 2014ರಲ್ಲಿ ಮೆಲ್ಬೋರ್ನ್‌ನಲ್ಲಿ ಜಾರ್ಜ್ ಅನ್ನೋ ಹತ್ತು ವರ್ಷದ ಗೋಲ್ಡ್ ಫಿಶ್‌ಗೆ ಮತ್ತು ಕೊಟ್ಟು ತಲೆಯ ಗೆಡ್ಡೆ ತೆಗೆದರು. ಇಂಗ್ಲೆಂಡಿನ ಟಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ನಾವು ಒಂಬತ್ತು ದಿನಕ್ಕೆ ಕಂಟಕ ಕಳೀತು ಅಂತೀವಿ. ರೋಮ್ ನಗರದವರು 2005ರಲ್ಲಿ ಗುಂಡು ಬಟ್ಟಲನ್ನೇ ನಿಷೇಧಿಸಿದರು. ಒಂದು ಮೀನಿಗೆ ಕಡಿಮೆ ಅಂದರೂ 70 ಲೀಟರ್ ಇರಲಿ. ಸಾಕೋಕಾಗಲ್ಲ ಅಂತ ಕೆರೆಗೆ ಬಿಡೋದಂತೂ ಬೇಡವೇ ಬೇಡ. ಇನ್ನು ಉಳಿಯಲ್ಲ ಅಂತ ಖಚಿತವಾದಾಗ ಲವಂಗದ ಎಣ್ಣೆಯಿಂದ ನೋವಿಲ್ಲದೆ ಕಳಿಸಿಕೊಡಬಹುದು, ಪ್ರಮಾಣ ಪಶುವೈದ್ಯರನ್ನ ಕೇಳಿ.

ಮಳೆನೀರು ಮುಂದಿನ ತಿಂಗಳು. ಬಕೆಟ್ಟಿನ ಮೀನು ಇವತ್ತು ಬೆಳಗ್ಗೆ ರೆಕ್ಕೆ ಬಿಚ್ಚಿದೆ. ನೋಡೋರು ಒಬ್ಬೊಬ್ಬರಾಗಿ ಹೋಗಿ, ಹುಡುಗಿ ಪಕ್ಕದಲ್ಲೇ ಕಾವಲು ಕೂತಿದ್ದಾಳೆ. ಕಾಫಿ ಜೊತೆ ಖಾರದ ಪುರಿ ಕೊಡ್ತಾರೆ, ದಯವಿಟ್ಟು ಯಾರೂ ಬಕೆಟ್ಟಿಗೆ ಹಾಕಬೇಡಿ.